ಹೋಗುವ ಹಕ್ಕಿಗಳನ್ನು ನೋಡುವುದು ಹೇಗೆ: ಶಿವರಾತ್ರಿಯಿಂದ ಭರಣಿ ಮಳೆವರೆಗೆ

ನಮ್ಮ ಕಡೆ ಹಕ್ಕಿ ನೋಡುವವರು ಡಿಸೆಂಬರ್ ಬಂತೆಂದರೆ ಬೈನಾಕ್ಯುಲರ್ ಹೊರಗೆ ತೆಗೆಯುತ್ತಾರೆ, ಶಿವರಾತ್ರಿ ಹೊತ್ತಿಗೆ ಬೀರುವಿನೊಳಗೆ ಇಟ್ಟುಬಿಡುತ್ತಾರೆ. ಬಿಸಿಲು ಏರಿತು, ವಲಸೆ ಹಕ್ಕಿಗಳೆಲ್ಲ ಹೋದವು, ಇನ್ನೇನಿದ್ದರೂ ಅಕ್ಟೋಬರಿಗೆ ಅಂತ. ನನಗೆ ಇದು ಊಟದಲ್ಲಿ ಪಾಯಸ ಬಡಿಸುವ ಹೊತ್ತಿಗೆ ಎಲೆ ಮಡಚಿ ಏಳುವ ಹಾಗೆ ಕಾಣುತ್ತದೆ. ಫೆಬ್ರವರಿ ಕೊನೆಯಿಂದ ಮೇ ಮೊದಲ ವಾರದವರೆಗೆ ಹಕ್ಕಿಗಳು ಉತ್ತರಕ್ಕೆ ವಾಪಸ್ ಹೊರಡುತ್ತವೆ, ಒಟ್ಟಿಗೆ ಅಲ್ಲ, ಒಂದೊಂದು ಜಾತಿ ಒಂದೊಂದು ವಾರ. ಹೊರಡುವ ಮೊದಲು ಮೈಬಣ್ಣ ಬದಲಾಗುತ್ತದೆ. ಚಳಿಗಾಲವಿಡೀ ಬರೀ ಒಂದು ಚಿಕ್ಕ ಕೂಗಿನಲ್ಲಿ ಕಾಲ ಕಳೆದವು ಹಾಡೋಕೆ ಶುರು ಮಾಡುತ್ತವೆ. ಇದನ್ನು ಬಿಟ್ಟು ಇನ್ನೇನು ನೋಡುತ್ತೀರಿ ಹೇಳಿ.

ಕಷ್ಟ ಒಂದೇ. ಬರುವ ಹಕ್ಕಿ ನಮ್ಮ ಕಣ್ಣಿಗೆ ಬೀಳುತ್ತದೆ, ನಿನ್ನೆ ಇರಲಿಲ್ಲ, ಇವತ್ತು ಇದೆ, ಅಷ್ಟೇ. ಹೋಗುವ ಹಕ್ಕಿ ಹೇಳದೆ ಹೋಗುತ್ತದೆ. ಇವತ್ತು ನೋಡಿದ್ದೇ ಈ ವರ್ಷದ ಕೊನೆಯದು ಅಂತ ಇವತ್ತು ಗೊತ್ತಾಗಲ್ಲ. ಹತ್ತು ದಿನ ಕಳೆದ ಮೇಲೆ, ಅರೆ, ಅದರ ಕೂಗು ಕೇಳಿ ಎಷ್ಟು ದಿನ ಆಯ್ತು ಅಂತ ಹೊಳೆಯುತ್ತದೆ. ಹಾಗಾಗಿ ಈ ಕಾಲದ ಹಕ್ಕಿ ನೋಟಕ್ಕೆ ದೂರ ಹೋಗುವುದಕ್ಕಿಂತ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದು ಮುಖ್ಯ. ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಮೊದಲು ಜಾಗ ಆರಿಸಿ. ಮನೆಯಿಂದ ನಡೆದು ಹೋಗಿ ಬರುವಷ್ಟು ಹತ್ತಿರ ಇರಲಿ, 40 ನಿಮಿಷದಲ್ಲಿ ಮುಗಿಯಲಿ. ನನ್ನದು ಚಿಕ್ಕಮಗಳೂರಿಗೂ ಬೇಲೂರಿಗೂ ನಡುವೆ ಒಂದು ಸಣ್ಣ ತೋಟ. ಕಾಫಿ ಒಣಗಿಸುವ ಕಣದಿಂದ ಹೊರಟು, ತೋಟದ ರಸ್ತೆ ಹಿಡಿದು, ಕೆಳಗೆ ಹಳ್ಳದವರೆಗೆ ಹೋಗಿ, ಗದ್ದೆ ಬದುವಿನ ಮೇಲೆ ವಾಪಸ್ ಬರುತ್ತೇನೆ. ಅಷ್ಟರಲ್ಲಿ ನೆರಳು, ನೀರು, ಬಯಲು ಮೂರೂ ಸಿಗುತ್ತವೆ. ಪೇಟೆಯಲ್ಲಿರುವವರಿಗೆ ಮನೆ ಹಿಂದಿನ ಖಾಲಿ ಸೈಟು, ಅದರ ಪಕ್ಕದ ಹಲಸಿನ ಮರ, ಆಚೆ ಒಂದು ಕೆರೆ ಏರಿ ಇದ್ದರೂ ಸಾಕು. ವಾರಕ್ಕೆ ಮೂರು ದಿನವಾದರೂ ಬೆಳಿಗ್ಗೆ ಆರೂವರೆಯಿಂದ ಎಂಟರೊಳಗೆ ಹೋಗಿ. ಏಪ್ರಿಲ್‌ನಲ್ಲಿ ಒಂಬತ್ತು ಗಂಟೆ ಮೇಲೆ ಹಕ್ಕಿಯೂ ಸುಮ್ಮನಾಗುತ್ತದೆ, ನಿಮ್ಮ ತಲೆಯೂ ಬಿಸಿಯಾಗುತ್ತದೆ.

ಸಾಮಾನಿನ ವಿಷಯ ಬೇಗ ಮುಗಿಸುತ್ತೇನೆ. ಬೈನಾಕ್ಯುಲರ್ 8×42 ತೆಗೆದುಕೊಳ್ಳಿ. 8 ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ, 42 ಅಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಕಾಫಿ ತೋಟದ ಕತ್ತಲಲ್ಲಿ ಗಾಜು ಅಗಲ ಇದ್ದಷ್ಟು ಒಳ್ಳೆಯದು. ಅಂಗಡಿಯವರು 10 ಅಥವಾ 12 ಪಟ್ಟಿನದು ತೋರಿಸುತ್ತಾರೆ, ಕೈ ನಡುಗಿ ಎಲೆ ಮಾತ್ರ ಕಾಣುತ್ತದೆ, ಬೇಡ. ಕ್ಯಾಮೆರಾ ಇದ್ದರೆ ಒಯ್ಯಿರಿ, ಆದರೆ ಫೋಟೋ ಹುಚ್ಚು ಹಿಡಿದವರು ಎಣಿಸುವುದನ್ನು ಮರೆಯುತ್ತಾರೆ, ಇದು ನನ್ನ ಅನುಭವದ ಮಾತು. ಮೊಬೈಲಿನಲ್ಲಿ ಮರ್ಲಿನ್ ಆ್ಯಪ್ ಹಾಕಿಕೊಂಡು ಭಾರತದ ಹಕ್ಕಿಗಳ ಪ್ಯಾಕ್ ಮನೆಯಲ್ಲೇ ಡೌನ್‌ಲೋಡ್ ಮಾಡಿ, ತೋಟದಲ್ಲಿ ಸಿಗ್ನಲ್ ಇರಲ್ಲ. ಕೂಗು ಕೇಳಿ ಹೆಸರು ಹೇಳುತ್ತದೆ, ಆದರೆ ಅದು ಹೇಳಿದ್ದನ್ನೆಲ್ಲ ನಂಬಬೇಡಿ. ಕಾಜಾಣ ಬೇರೆ ಹಕ್ಕಿಗಳ ಕೂಗನ್ನು ಅಣಕಿಸುತ್ತದೆ, ಆ್ಯಪ್ ಪಾಪ ಅದನ್ನು ನಿಜ ಅಂದುಕೊಳ್ಳುತ್ತದೆ. ಕಣ್ಣಿಗೆ ಕಂಡರೆ ಬರೆಯಿರಿ, ಇಲ್ಲ ನೀವೇ ಕೂಗನ್ನು ಗುರುತಿಸುವಷ್ಟು ಪಳಗಿರಬೇಕು.

ಈಗ ತೋಟದೊಳಗೆ ಬನ್ನಿ.

ಮೊದಲು ಪರಿಚಯ ಮಾಡಿಕೊಳ್ಳಬೇಕಾದದ್ದು ಗ್ರೀನಿಶ್ ವಾರ್ಬ್ಲರ್, ನಮ್ಮ ಹಸಿರು ಉಲಿಯಕ್ಕಿ. ಹೆಬ್ಬೆಟ್ಟಿಗಿಂತ ಸ್ವಲ್ಪ ದೊಡ್ಡದು, ಮಾಸಲು ಹಸಿರು, ಕಣ್ಣಿನ ಮೇಲೆ ತೆಳು ಹುಬ್ಬು, ರೆಕ್ಕೆ ಮೇಲೆ ಒಂದು ಸಣ್ಣ ಗೀರು. ನೋಡೋಕೆ ಏನೇನೂ ಇಲ್ಲ. ಆದರೆ ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ನಮ್ಮ ಪ್ರತಿ ಸಿಲ್ವರ್ ಓಕ್ ಮೇಲೂ "ಚಿವೀ, ಚಿವೀ" ಅಂತ ಕೂಗುತ್ತಿರುವುದು ಇದೇ. ಒಂದೊಂದೂ ನಾಲ್ಕಾರು ಮರಗಳನ್ನು ತನ್ನದು ಅಂತ ಹಿಡಿದುಕೊಂಡು ಇನ್ನೊಂದನ್ನು ಒಳಗೆ ಬಿಡುವುದಿಲ್ಲ, ಆ ಕೂಗು ಬೇಲಿ ಇದ್ದ ಹಾಗೆ. ನಿಮ್ಮ ದಾರಿಯಲ್ಲಿ ಇಂಥ ಎಷ್ಟು ಬೇಲಿಗಳಿವೆ ಅಂತ ಮಾರ್ಚ್ ಮೊದಲಲ್ಲೇ ಎಣಿಸಿಟ್ಟುಕೊಳ್ಳಿ. ನನ್ನ ದಾರಿಯಲ್ಲಿ ಆರು ಇರುತ್ತವೆ. ಯುಗಾದಿ ಕಳೆದ ಮೇಲೆ ಕೂಗಿನ ಜೊತೆ ಗಡಿಬಿಡಿಯ ಹಾಡೊಂದು ಸೇರುತ್ತದೆ. ಹಾಡು ಶುರುವಾದರೆ ಪ್ರಯಾಣ ಹತ್ತಿರ ಅಂತ ಅರ್ಥ. ಆಮೇಲೆ ಆರು ಐದಾಗುತ್ತದೆ, ಐದು ಮೂರಾಗುತ್ತದೆ. ಒಂದು ವರ್ಷ ಏಪ್ರಿಲ್ 12ಕ್ಕೆ ನಾನು ಎಲ್ಲಾ ಹೋದವು ಅಂತ ಬರೆದು ಕೆಳಗೆ ಗೆರೆ ಎಳೆದೆ. ಎರಡು ದಿನ ಮೋಡ ಮುಚ್ಚಿ ಅವು ಸುಮ್ಮನಿದ್ದವು ಅಷ್ಟೇ. ಮೂರನೇ ದಿನ ಬಿಸಿಲು ಬಂತು, ಹಲಸಿನ ಮರದಿಂದ "ಚಿವೀ" ಅಂತ ನನ್ನನ್ನೇ ಕೂಗಿದ ಹಾಗೆ ಆಯ್ತು. ಅದಕ್ಕೇ ಹೇಳುವುದು, ಗೆರೆ ಎಳೆಯೋಕೆ ಹತ್ತು ದಿನ ಕಾಯಿರಿ.

ಇದನ್ನು ಹುಡುಕುವಾಗ ತಲೆ ಮೇಲೆತ್ತಿ ನಿಲ್ಲಬೇಕಾಗುತ್ತದೆ. ನಿಲ್ಲುವ ಮೊದಲು ಕಾಲ ಕೆಳಗೆ, ಪಕ್ಕದ ಕಾಫಿ ಗಿಡದಲ್ಲಿ ಚಗಳಿ (ಕಚ್ಚುವ ಕೆಂಪಿರುವೆ) ಗೂಡು ಇದೆಯಾ ನೋಡಿ. ಕುತ್ತಿಗೆಗೆ ಚಗಳಿ ಹತ್ತಿದ ಮೇಲೆ ಯಾವ ಉಲಿಯಕ್ಕಿಯೂ ಬೇಡ ಅನ್ನಿಸುತ್ತದೆ.

ಎರಡನೆಯದು ಕಾಡು ಸಿಪಿಲೆ. ಸಿಪಿಲೆಗಳನ್ನು ಕೆಲವು ಕಡೆ ಕುಂಡೆಕುಸ್ಕ ಅನ್ನುತ್ತಾರೆ, ಬಾಲ ಕುಣಿಸುವುದನ್ನು ನೋಡಿದರೆ ಹೆಸರು ಯಾಕೆ ಬಂತು ಅಂತ ಕೇಳಬೇಕಾಗಿಲ್ಲ. ಬೇರೆ ಸಿಪಿಲೆಗಳು ಬಾಲವನ್ನು ಮೇಲೆ ಕೆಳಗೆ ಆಡಿಸುತ್ತವೆ. ಇದೊಂದು ಮಾತ್ರ ಎಡಕ್ಕೂ ಬಲಕ್ಕೂ ಆಡಿಸುತ್ತದೆ, ಬಾಲವಷ್ಟೇ ಅಲ್ಲ, ಹಿಂಭಾಗ ಪೂರ್ತಿ. ಎದೆ ಮೇಲೆ ಎರಡು ಕಪ್ಪು ಪಟ್ಟಿ. ನೆರಳಿರುವ ತೋಟದ ರಸ್ತೆಯಲ್ಲಿ ದರಗಿನ (ಉದುರಿದ ಒಣ ಎಲೆ) ಮೇಲೆ ನಡೆಯುತ್ತಿರುತ್ತದೆ, ಹತ್ತಿರ ಹೋದರೆ "ಪಿಂಕ್" ಅಂದು ಹಾರಿ ಮರದ ಕೊಂಬೆ ಮೇಲೆ ಕೂತು ಅಲ್ಲೂ ನಡೆಯುತ್ತದೆ. ಇದು ಪೂರ್ವ ಏಷ್ಯಾದಲ್ಲಿ ಮರಿ ಮಾಡುವ ಹಕ್ಕಿ, ಚೀನಾ, ಕೊರಿಯಾ, ಸೈಬೀರಿಯಾದ ಆ ಕಡೆ. ಅಲ್ಲಿಂದ ಬಂದು ನಮ್ಮ ತೋಟದ ಟ್ರ್ಯಾಕ್ಟರ್ ದಾರಿಯಲ್ಲಿ ಹುಳ ಹೆಕ್ಕುತ್ತದೆ ಅಂದರೆ ನಂಬೋಕೆ ಈಗಲೂ ಕಷ್ಟ. ರಸ್ತೆಯಲ್ಲಿ ಬೈಕ್ ಓಡಾಡುವ ಮೊದಲೇ ಹೋದರೆ ಸಿಗುತ್ತದೆ.

ಮೂರನೆಯದು ನವರಂಗ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹಸಿರು ಬೆನ್ನು, ಕೆನೆ ಬಣ್ಣದ ಎದೆ, ಕಣ್ಣಿನ ಮೇಲೆ ಕಪ್ಪು ಪಟ್ಟಿ, ರೆಕ್ಕೆಯಲ್ಲಿ ಮಿಂಚುವ ನೀಲಿ, ಬಾಲದ ಬುಡದಲ್ಲಿ ಕುಂಕುಮ ಕೆಂಪು. ಇಷ್ಟು ಬಣ್ಣ ಇಟ್ಟುಕೊಂಡು ಕಾಣಿಸುವುದೇ ಇಲ್ಲ, ಯಾಕೆಂದರೆ ಬದುಕೆಲ್ಲ ನೆಲದ ಮೇಲೆ, ಕಾಫಿ ಗಿಡದ ಬುಡದ ಕತ್ತಲಲ್ಲಿ. ಮಧ್ಯ ಭಾರತ ಮತ್ತು ಹಿಮಾಲಯದ ತಪ್ಪಲಿನ ಕಾಡುಗಳಲ್ಲಿ ಮಳೆಗಾಲದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣಕ್ಕೆ ಬರುತ್ತದೆ. ಬೆಳಿಗ್ಗೆ ಆರರ ಸುಮಾರಿಗೆ, ಸಂಜೆ ಆರರ ಸುಮಾರಿಗೆ ಎರಡು ಸ್ವರದ ಶಿಳ್ಳೆ ಹಾಕುತ್ತದೆ. ತಮಿಳರು ಅದಕ್ಕೇ ಇದನ್ನು ಆರು ಗಂಟೆ ಹಕ್ಕಿ ಅನ್ನುತ್ತಾರೆ. ಮೊದಲು ಎಲ್ಲಿಂದ ಶಿಳ್ಳೆ ಬರುತ್ತದೆ ಅಂತ ಎರಡು ಸಂಜೆ ಸುಮ್ನೆ ಕೇಳಿ. ಮೂರನೇ ದಿನ ಆ ಜಾಗಕ್ಕೆ ಐದೂವರೆಗೇ ಹೋಗಿ, ಮರಕ್ಕೆ ಒರಗಿ ಕೂತುಬಿಡಿ. ದರಗು ಸರಸರ ಅನ್ನುತ್ತದೆ, ನಿಲ್ಲುತ್ತದೆ, ಮತ್ತೆ ಸರಸರ. ಆ ಸದ್ದಿನ ಮೇಲೆ ಕಣ್ಣಿಡಿ. ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಹಾರಿಸಿದ ಮಾರನೆ ದಿನವಂತೂ ತಪ್ಪಿಸಲೇಬೇಡಿ. ನೆಲ ಒದ್ದೆಯಾಗಿ ಹುಳ ಮೇಲೆ ಬಂದಿರುತ್ತವೆ, ನವರಂಗ, ನೆಲಸಿಳ್ಳಾರ, ಅದೃಷ್ಟ ಇದ್ದರೆ ಹಳ್ಳದ ಬದಿಯಿಂದ ಇಂಡಿಯನ್ ಬ್ಲೂ ರಾಬಿನ್ ಕೂಡ ಹೊರಗೆ ಬರುತ್ತವೆ.

ದಯವಿಟ್ಟು ಮೊಬೈಲಿನಲ್ಲಿ ನವರಂಗದ ಕೂಗು ಹಾಕಿ ಕರೆಯಬೇಡಿ. ನಾನೂ ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಶಿಳ್ಳೆ ಹಾಕಿದ ಕೂಡಲೇ ಎದುರಿಗೇ ಬಂದು ನಿಂತಿತು, ಎದೆ ಉಬ್ಬಿಸಿ ಸುತ್ತ ಹುಡುಕಿತು, ನಾನು ಫೋಟೋ ತೆಗೆದುಕೊಂಡೆ, ಖುಷಿಯಾಯ್ತು. ಆಮೇಲೆ ನಾಲ್ಕು ದಿನ ಆ ತಗ್ಗಿನಲ್ಲಿ ಒಂದು ಶಿಳ್ಳೆ ಕೇಳಲಿಲ್ಲ. ದೂರದ ದಾರಿಗೆ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕಾದ ಹೊತ್ತಿನಲ್ಲಿ ಇಲ್ಲದ ಶತ್ರುವನ್ನು ಹುಡುಕಿಸಿದ್ದು ನಾನು.

ಇವು ಮೂರೂ ಪಳಗಿದ ಮೇಲೆ ಉಳಿದವು ತಾವಾಗಿ ಸಿಗುತ್ತವೆ. ನೀಲಿ ತಲೆ, ಇಟ್ಟಿಗೆ ಬಣ್ಣದ ಹೊಟ್ಟೆಯ ಬ್ಲೂ ಕ್ಯಾಪ್ಡ್ ರಾಕ್ ಥ್ರಷ್ ಕೊಂಬೆ ಮೇಲೆ ಐದು ನಿಮಿಷ ಅಲುಗದೆ ಕೂತಿರುತ್ತದೆ, ಅದು ಹಿಮಾಲಯಕ್ಕೆ ಹೋಗುವುದು. ಪ್ರತಿ ಸಲವೂ ಹಾರಿ ನೊಣ ಹಿಡಿದು ಅದೇ ಕೊಂಬೆಗೆ ಬಂದು ಕೂರುವ ಪುಟ್ಟ ಕಂದು ಹಕ್ಕಿ ಕಂಡರೆ ಅದು ಯಾವುದೋ ನೊಣಹಿಡುಕ. ಹೆಸರಿಗೆ ಅವಸರ ಬೇಡ, ಕಾಲಿನ ಬಣ್ಣ, ಕೊಕ್ಕಿನ ಕೆಳಭಾಗದ ಬಣ್ಣ ಬರೆದಿಟ್ಟುಕೊಳ್ಳಿ. ಹೊನ್ನಕ್ಕಿ, ರಾಜಹಕ್ಕಿ, ಬೂದು ಕಾಜಾಣ ಇವೆಲ್ಲ ಯಾರ ಕಣ್ಣಿಗೂ ತಪ್ಪಲ್ಲ.

ನಡೆಯೋಕೆ ಆಗದವರಿಗೆ, ವಯಸ್ಸಾದವರಿಗೆ ಒಂದು ಉಪಾಯ ಇದೆ, ಹೂ ಬಿಟ್ಟ ಹಾಲವಾಣದ ಎದುರು ಕುರ್ಚಿ ಹಾಕಿಕೊಳ್ಳಿ. ಫೆಬ್ರವರಿಯಿಂದ ಮಾರ್ಚ್‌ವರೆಗೆ ಎಲೆ ಉದುರಿಸಿ ಕೆಂಪಗೆ ನಿಂತಿರುತ್ತದಲ್ವಾ, ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಆಗಿರದ ಒಂದು ಮರ ನೋಡಿಕೊಳ್ಳಿ. ಬೂರುಗ, ಮುತ್ತುಗ ಆದರೂ ಸರಿ. ಕಾಜಾಣ, ಗೊರವಂಕ, ಪಿಕಳಾರ, ಎಲ್ಲರೂ ಹೂವಿನ ರಸಕ್ಕೆ ಬರುತ್ತಾರೆ. ಒಂದು ದಿನ ಇದ್ದಕ್ಕಿದ್ದ ಹಾಗೆ ಗುಲಾಬಿ ಕಬ್ಬಕ್ಕಿಗಳ ದೊಡ್ಡ ಗುಂಪು ಬಂದು ಇಳಿಯುತ್ತದೆ, ಕಪ್ಪು ತಲೆ, ಗುಲಾಬಿ ಮೈ, ಸಂತೆಯಷ್ಟು ಗಲಾಟೆ. ಮಧ್ಯ ಏಷ್ಯಾಕ್ಕೆ ಮರಿ ಮಾಡೋಕೆ ಹೊರಟ ಹಕ್ಕಿಗಳು. ಬಯಲುಸೀಮೆ ಕಡೆ, ಕಡೂರು, ಅರಸೀಕೆರೆ ಸುತ್ತ, ಇವು ಇನ್ನೂ ಜಾಸ್ತಿ.

ತೋಟ ಸಾಕು, ಕೆರೆಗೆ ಹೋಗೋಣ. ಹೆಚ್ಚಿನವರು ಕೆರೆ ತುಂಬಿದಾಗ ಹೋಗುತ್ತಾರೆ. ವಾಪಸ್ ವಲಸೆಗೆ ಬೇಕಾದದ್ದು ನೀರು ಇಳಿದು ಕೆಸರು ಬಿಟ್ಟುಕೊಂಡ ಕೆರೆ. ಹಳೇಬೀಡಿನ ದ್ವಾರಸಮುದ್ರ ಕೆರೆ ದೇವಸ್ಥಾನದ ಪಕ್ಕದಲ್ಲೇ ಇದೆ, ಸಖರಾಯಪಟ್ಟಣದ ಹತ್ತಿರ ಶಕುನಗಿರಿ ಬುಡದಲ್ಲಿ ಅಯ್ಯನಕೆರೆ ಇದೆ, ಚಿಕ್ಕಮಗಳೂರಿಗೆ ಹತ್ತಿರ ಹಿರೇಕೊಳಲೆ, ಬೇಲೂರಿನವರಿಗೆ ಯಗಚಿ ಹಿನ್ನೀರು, ಹಾಸನದವರಿಗೆ ಗೊರೂರು ಹಿನ್ನೀರು, ಶೆಟ್ಟಿಹಳ್ಳಿಯ ಮುಳುಗುವ ಚರ್ಚಿನ ಆಸುಪಾಸು. ಚರ್ಚಿನ ಮುಂದೆ ಸೆಲ್ಫಿ ತೆಗೆಯುವ ಜನಕ್ಕೆ ಬೆನ್ನು ಹಾಕಿ ಸ್ವಲ್ಪ ದೂರ ನಡೆಯಿರಿ, ಅಷ್ಟೇ.

ಸೂಜಿಬಾಲದ ಬಾತು, ಚಮಚದಂಥ ಕೊಕ್ಕಿನ ಶವೆಲರ್ ಇವೆಲ್ಲ ಮಾರ್ಚ್‌ನಲ್ಲಿ ಖಾಲಿಯಾಗುತ್ತವೆ, ಬಿಳಿ ಹುಬ್ಬಿನ ಗಾರ್ಗನಿ ಬಾತು ಎಲ್ಲರಿಗಿಂತ ಕೊನೆಗೆ ಹೊರಡುತ್ತದೆ. ಆದರೆ ಬಾತಿಗಿಂತ ಕೆಸರಿನ ಅಂಚಿನಲ್ಲಿ ಓಡುವ ಗದ್ದೆಗೊರವಗಳನ್ನು ನೋಡಿ. ಮೂರು ಒಂದೇ ಥರ ಕಾಣುತ್ತವೆ ಅಂತ ಜನ ಬಿಟ್ಟುಬಿಡುತ್ತಾರೆ. ಸುಲಭ ಇದೆ. ಬಾಲ ಎತ್ತಿ ಇಳಿಸುತ್ತಾ, ಭುಜದ ಹತ್ತಿರ ಬಿಳಿ ಎದೆಯ ಬಣ್ಣ ಮೇಲಕ್ಕೆ ಹತ್ತಿರುವುದು ಕಾಮನ್ ಸ್ಯಾಂಡ್‌ಪೈಪರ್. ಬೆನ್ನ ಮೇಲೆ ಚುಕ್ಕೆ ಜಾಸ್ತಿ, ಹುಬ್ಬು ಉದ್ದ ಇರುವುದು ವುಡ್. ಬೆನ್ನು ಗಾಢವಾಗಿದ್ದು, ಹಾರಿದಾಗ ಸೊಂಟ ಬೆಳ್ಳಗೆ ಹೊಳೆದರೆ ಗ್ರೀನ್. ಒಂದೇ ಸಲಕ್ಕೆ ಬರಲ್ಲ, ನಾಲ್ಕು ಸಲ ಹೋದರೆ ಬರುತ್ತದೆ.

ಬಣ್ಣ ಬದಲಾಗುವುದನ್ನು ನೋಡಬೇಕಾದರೆ ಹಳದಿ ಸಿಪಿಲೆಗಿಂತ ಒಳ್ಳೆಯ ಮೇಷ್ಟ್ರು ಇಲ್ಲ. ಕೆರೆಯಂಗಳದಲ್ಲಿ ಮೇಯುವ ದನಗಳ ಕಾಲ ಸಂದಿಯಲ್ಲೇ ಓಡಾಡುತ್ತಿರುತ್ತವೆ. ಡಿಸೆಂಬರಿನಲ್ಲಿ ಮಾಸಿದ ಬಟ್ಟೆ ಹಾಕಿಕೊಂಡ ಹಾಗಿರುತ್ತವೆ. ಮಾರ್ಚ್ ಮಧ್ಯಕ್ಕೆ ಹೊಟ್ಟೆಯಲ್ಲಿ ಹಳದಿ ತೇಪೆ ಕಾಣಿಸುತ್ತದೆ, ಏಪ್ರಿಲ್ ಹೊತ್ತಿಗೆ ಗಂಡುಗಳು ಅರಿಶಿನದಲ್ಲಿ ಅದ್ದಿ ತೆಗೆದ ಹಾಗೆ, ಕೆಲವಕ್ಕೆ ತಲೆ ಬೂದು, ಕೆಲವಕ್ಕೆ ಕಪ್ಪು. ಒಂದೇ ಗುಂಪನ್ನು ವಾರಕ್ಕೊಮ್ಮೆ ಅದೇ ಜಾಗದಿಂದ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ. ಕೆರೆಯಿಂದ ಬರುವಾಗ ಕರೆಂಟ್ ತಂತಿ ಮೇಲೂ ಕಣ್ಣಾಡಿಸಿ. ಅಂಬರಗುಬ್ಬಿಗಳು ಹೊರಡುವ ಮೊದಲು ಸಾಲಾಗಿ ಕೂರುತ್ತವೆ. ಎರಡು ಕಂಬಗಳ ನಡುವಿನಷ್ಟನ್ನು ಎಣಿಸಿ, ಅಂಥ ಎಷ್ಟು ಅಂಕಣ ಇವೆಯೋ ಅಷ್ಟರಿಂದ ಗುಣಿಸಿ. ಕೆಂಪು ಸೊಂಟದವು ಇದ್ದರೆ ಬೇರೆ ಎಣಿಸಿ, ಅವುಗಳಲ್ಲಿ ಇಲ್ಲೇ ಸೇತುವೆ ಕೆಳಗೆ ಗೂಡು ಕಟ್ಟುವವೂ ಇವೆ.

ಹುಲ್ಲುಗಾವಲಿನ ಮೇಲೆ ಆಸಕ್ತಿ ಇದ್ದವರು ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿನ ಕಡೆ ಮಾರ್ಚ್ ಒಳಗೆ ಹೋಗಿ ಬನ್ನಿ. ಕೃಷ್ಣಮೃಗಕ್ಕೆ ಹೆಸರಾದ ಜಾಗ. ಸೆಳೆವ ಅನ್ನುವ ಬೇಟೆ ಹಕ್ಕಿಗಳು ಸಂಜೆ ಹುಲ್ಲಿನ ಮೇಲೆ ತಗ್ಗಾಗಿ ತೇಲುತ್ತಾ ನೆಲದ ಮೇಲೇ ಮಲಗೋಕೆ ಇಳಿಯುತ್ತವೆ. ರಸ್ತೆಯಿಂದಲೇ ನೋಡಿ, ಒಳಗೆ ಹೋಗುವುದಾದರೆ ಅರಣ್ಯ ಇಲಾಖೆಯವರನ್ನು ಕೇಳಿ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ, ನಮ್ಮ ರಾಜ್ಯದ ಅತಿ ಎತ್ತರದ ಶಿಖರ. ಅಲ್ಲಿ ಗಾಳಿಗೆದುರಾಗಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಲ್ಲುವ ಕೆಸ್ಟ್ರಲ್ ಅನ್ನುವ ಸಣ್ಣ ಬೇಟೆ ಹಕ್ಕಿ ನೋಡುವುದು ಚೆಂದ, ಆದರೆ ಶನಿವಾರ ಭಾನುವಾರ ಬೇಡ, ವಾಹನಗಳ ಸಾಲು ಬಿಟ್ಟರೆ ಬೇರೇನೂ ಕಾಣಲ್ಲ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ಬೇಸಿಗೆಗೆ ನೀರಿಳಿದು ಬಯಲಾಗುವ ನಡುಗಡ್ಡೆಗಳ ಮೇಲೆ ರಿವರ್ ಟರ್ನ್‌ಗಳು ಮೊಟ್ಟೆ ಇಡುತ್ತವೆ. ಅವು ಹೊರಟು ಹೋಗುವ ಗುಂಪಿಗೆ ಸೇರಿದವಲ್ಲ, ಆದರೂ ಒಮ್ಮೆ ಬೋಟಿನಲ್ಲಿ ಹೋಗಿ ನೋಡಿ.

ಈಗ ಸ್ವಲ್ಪ ಗಂಭೀರ ವಿಷಯ, ಆನೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ತೋಟಗಳಲ್ಲಿ ಬೆಳಗಿನ ಜಾವ, ಮುಸ್ಸಂಜೆ ಒಬ್ಬರೇ ಓಡಾಡಬೇಡಿ. ಹಕ್ಕಿಗೆ ಒಳ್ಳೆಯ ಹೊತ್ತೇ ಆನೆಗೂ ಓಡಾಡುವ ಹೊತ್ತು. ಹೊರಡುವ ಮೊದಲು ಊರಿನ ವಾಟ್ಸಾಪ್ ಗ್ರೂಪು ನೋಡಿ, ಲೈನಿನಲ್ಲಿರುವ ತೋಟದ ಕೆಲಸದವರನ್ನು ಕೇಳಿ, ರಾತ್ರಿ ಎಲ್ಲಿತ್ತು ಅಂತ ಅವರಿಗೆ ಮೊದಲೇ ಗೊತ್ತಿರುತ್ತದೆ. ಅನುಮಾನ ಇದ್ದ ದಿನ ಮನೆ ಅಂಗಳದಲ್ಲೇ ಕೂತು ಎಣಿಸಿ. ಬೇರೆಯವರ ತೋಟವಾದರೆ ಅಲ್ಲಿ ಕೆಲಸ ನೋಡಿಕೊಳ್ಳುವ ರೈಟರ್‌ಗೆ ಹೇಳಿಯೇ ಹೋಗಿ. "ಹಕ್ಕಿ ನೋಡ್ತೀನಿ ಸಾರ್" ಅಂದರೆ ಮೊದಲ ದಿನ ಅನುಮಾನದಿಂದ ನೋಡುತ್ತಾರೆ, ಮೂರನೇ ದಿನ ಅವರೇ "ಅಲ್ಲಿ ಕೆಳಗೆ ಬಣ್ಣದ್ದು ಒಂದು ಇತ್ತು ನೋಡಿ" ಅಂತ ಕರೆಯುತ್ತಾರೆ.

ಅಶ್ವಿನಿ, ಭರಣಿ ಮಳೆ ಸಮಯದಲ್ಲಿ ರಾತ್ರಿ ಗುಡುಗು ಸಿಡಿಲು ಬಂದಿದ್ದರೆ ಮಾರನೆ ಬೆಳಿಗ್ಗೆ ಹಾಸಿಗೆಯಲ್ಲಿ ಬಿದ್ದುಕೊಂಡಿರಬೇಡಿ. ಸಣ್ಣ ಹಕ್ಕಿಗಳು ಹೆಚ್ಚಾಗಿ ರಾತ್ರಿಯೇ ಪ್ರಯಾಣ ಮಾಡುವುದು, ದಕ್ಷಿಣದಿಂದ ಬರುತ್ತಿದ್ದವು ಮಳೆಗೆ ಸಿಕ್ಕಿ ಕಂಡಲ್ಲಿ ಇಳಿದುಬಿಡುತ್ತವೆ. ಎಂದೂ ಇಲ್ಲದ ಹಕ್ಕಿ ಪೇರಲೆ ಗಿಡದಲ್ಲಿ ಕೂತಿರುತ್ತದೆ. ಕೆಲವೊಮ್ಮೆ ದೀಪಕ್ಕೆ, ಕಿಟಕಿ ಗಾಜಿಗೆ ಬಡಿದು ವರಾಂಡದಲ್ಲಿ ಬಿದ್ದಿರುತ್ತದೆ, ಅದು ಬಹಳ ಸಲ ನವರಂಗವೇ. ಆಗ ಬಾಯಿಗೆ ನೀರು ಹಾಕೋಕೆ ಹೋಗಬೇಡಿ, ಶ್ವಾಸಕ್ಕೆ ಹೋಗಿ ಸಾಯುತ್ತದೆ. ಗಾಳಿಗೆ ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಹಳೆ ಬಟ್ಟೆ ಹಾಸಿ ಇಟ್ಟು ಮುಚ್ಚಿ, ಕತ್ತಲೆ ಕೋಣೆಯಲ್ಲಿಡಿ, ಬೆಕ್ಕು ಮಕ್ಕಳು ಹತ್ತಿರ ಹೋಗದ ಹಾಗೆ. ಎರಡು ಗಂಟೆ ಬಿಟ್ಟು ಗಿಡಗಳ ಹತ್ತಿರ ಡಬ್ಬ ತೆರೆದಿಡಿ, ತಾನಾಗಿ ಹೋಗುತ್ತದೆ. ರೆಕ್ಕೆ ಜೋಲುತ್ತಿದ್ದರೆ ಅರಣ್ಯ ಇಲಾಖೆಗೋ ಪಶು ವೈದ್ಯರಿಗೋ ತಿಳಿಸಿ.

ಬರೆಯುವುದು ಹೇಗೆ? ಒಂದು ನೂರು ಪುಟದ ನೋಟ್‌ಬುಕ್ ಸಾಕು. ಎಡಗಡೆ ಹಕ್ಕಿಗಳ ಹೆಸರು, ಮೇಲೆ ತಾರೀಕು, ಮನೆಯಲ್ಲಿ ಹಾಲಿನ ಲೆಕ್ಕ ಬರೆಯುತ್ತಾರಲ್ಲ ಹಾಗೆ. ಕಂಡರೆ ಎಷ್ಟು ಅಂತ ಬರೆಯಿರಿ. ಕಾಣದಿದ್ದರೆ ಖಾಲಿ ಬಿಡಬೇಡಿ, 0 ಹಾಕಿ. ಹೋಗದ ದಿನಕ್ಕೆ ಅಡ್ಡ ಗೆರೆ. ಖಾಲಿ ಜಾಗ ಇದ್ದರೆ ಅವತ್ತು ಹಕ್ಕಿ ಇರಲಿಲ್ಲವೋ ನೀವು ಹೋಗಿರಲಿಲ್ಲವೋ ಅಂತ ಮುಂದಿನ ವರ್ಷ ಗೊತ್ತಾಗಲ್ಲ. ಹಕ್ಕಿ ಪಟ್ಟಿಗಳನ್ನು ದಾಖಲಿಸುವ ಆನ್‌ಲೈನ್ ತಾಣ ಇ-ಬರ್ಡ್‌ಗೆ ಹಾಕುವವರಿಗೂ ಇದೇ ಮಾತು. ಹೊರಟ ಸಮಯ, ಎಷ್ಟು ನಿಮಿಷ, ಎಷ್ಟು ದೂರ ನಡೆದಿರಿ ಎಲ್ಲ ಹಾಕಿ, ಗುರುತಿಸಿದ ಎಲ್ಲಾ ಹಕ್ಕಿ ಸೇರಿಸಿದ್ದೀರಾ ಅಂತ ಕೇಳುತ್ತದೆ, ಕಾಗೆ ಗೊರವಂಕವನ್ನೂ ಸೇರಿಸಿ ಹೌದು ಅನ್ನಿ. ಬರೀ ನವರಂಗದ ಫೋಟೋ ಒಂದೇ ಹಾಕಿದರೆ ಅದು ಇತ್ತು ಅಂತ ಮಾತ್ರ ತಿಳಿಯುತ್ತದೆ. ಪೂರ್ತಿ ಪಟ್ಟಿ ಇದ್ದರೆ ಏನು ಇರಲಿಲ್ಲ ಅನ್ನುವುದೂ ತಿಳಿಯುತ್ತದೆ, ನಮಗೆ ಬೇಕಾಗಿರುವುದು ಅದೇ.

ಒಂದು ಜಾತಿಗೆ ಸತತ ಹತ್ತು ದಿನ, ಅದರಲ್ಲಿ ಕಡಿಮೆಯೆಂದರೆ ನಾಲ್ಕು ಸಲ ನೀವು ಹೋಗಿದ್ದೂ 0 ಬಂದಿದ್ದರೆ, ಹಿಂದಕ್ಕೆ ಹೋಗಿ ಕೊನೆಯ ಸಂಖ್ಯೆ ಇರುವ ತಾರೀಕಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. ಮೇ ಎರಡನೇ ವಾರಕ್ಕೆ ಪುಟದ ತುಂಬ ಕೆಂಪು ಸುತ್ತುಗಳಿರುತ್ತವೆ. ಆ ಪುಟ ಮುಚ್ಚಿ ಹೊಸದು ತೆಗೆದು ಮೇಲೆ ಚಾತಕ ಅಂತ ಬರೆಯಿರಿ. ಮುಂಗಾರಿನ ಜೊತೆ ಆಫ್ರಿಕಾದ ಕಡೆಯಿಂದ ಬರುವ ಹಕ್ಕಿ ಅದು, ಅದಕ್ಕೆ ಮೊದಲ ದಿನದ ತಾರೀಕು ಬೇಕು.